ತಗಡಿನ ಕೋಳಿ ಹಿಡಿದವಳು

ಕುಣಿಗಲ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದಾಗ ವನಜಳಿಗೆ ಖುಷಿಗಿಂತ ಮೊದಲು ಅನುಮಾನ ಬಂತು. ಯಾರಾದರೂ ಟವೆಲ್ ಹಾಕಿ ಹೋಗಿದ್ದಾರೆಯೇ ಎಂದು ಸೀಟಿನ ಮೇಲೆ, ಕೆಳಗೆ ನೋಡಿದಳು. ಟವೆಲ್ ಇರಲಿಲ್ಲ. ಆದರೂ ಬಸ್ಸು ತುಮಕೂರು ಸ್ಟ್ಯಾಂಡ್ ಬಿಡುವ ತನಕ ತುದಿಯಲ್ಲೇ ಕೂತಿದ್ದಳು, ಯಾರಾದರೂ ಬಂದು ಏಳಮ್ಮ ಅಂದರೆ ತಕ್ಷಣ ಎದ್ದುಬಿಡುವ ಹಾಗೆ. ತನಗೆ ಸಿಗುವುದೆಲ್ಲ ಬೇರೆ ಯಾರಿಗೋ ಇಟ್ಟಿದ್ದು, ಅವರು ಬಾರದ ಕಾರಣ ತನ್ನ ಪಾಲಿಗೆ ಬಂದದ್ದು ಎಂದುಕೊಳ್ಳುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ. ಇಪ್ಪತ್ತಮೂರನೇ ವಯಸ್ಸಿಗೆ ಬಿಡು ಅಂದರೆ ಬಿಡುವ ಅಭ್ಯಾಸವೂ ಅಲ್ಲ. ಬೇರೆ ಭಾನುವಾರಗಳಲ್ಲಿ ಉಪ್ಪಾರಹಳ್ಳಿಯ ಬಾಡಿಗೆ ಕೋಣೆಯಲ್ಲಿ ತಲೆ ತೊಳೆದುಕೊಂಡು, ಕೂದಲು ಆರುವ ಮೊದಲೇ ಗುಬ್ಬಿ ಬಸ್ಸು ಹತ್ತಿ ಅವ್ವನ ಮನೆಗೆ ಹೋಗುತ್ತಿದ್ದಳು. ಈವತ್ತು ಕುಣಿಗಲ್ಲಿಗೆ ಹೋಗಬೇಕು, ರಾಮಾಂಜಿನಯ್ಯ ಎಂಬ ಚಿತ್ರದವನನ್ನು ಹುಡುಕಬೇಕು, ಅವನನ್ನು ಗುಬ್ಬಿಗೆ ಕರೆದುಕೊಂಡು ಹೋಗಿ ಅವನೇ ಬರೆದ ಹಳೇ ಪಟದಲ್ಲಿ ಮುಖ ತಿದ್ದಿಸಬೇಕು. "ಅವ್ಳ ಮುಖ ಅವ್ಳಿಗಿರ್ಲಿ, ಇವ್ಳ ಮುಖ ಇವ್ಳಿಗಿರ್ಲಿ. ಆಮೇಲೆ ನೋಡು, ಗಂಡಿನ ಕಡೇರು ತಾವಾಗೇ ಬತ್ತಾರೆ" ಎಂದು, ಅಪ್ಪ ಹೋದ ಮೇಲೆ ಮನೆಯ ಮಾತು ನಡೆಸುವ ಸೋದರಮಾವ ಕಾಳಯ್ಯ ತೀರ್ಪು ಕೊಟ್ಟಿದ್ದ. ಕಾಳಯ್ಯನ ತೀರ್ಪುಗಳಲ್ಲಿ ಓಡಾಟದ ಭಾಗ ಯಾವಾಗಲೂ ಬೇರೆಯವರದು.

ಪಟ ಇರುವುದು ಗುಬ್ಬಿಯ ಮನೆಯ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ. ಹಾರ್ಡ್‌ಬೋರ್ಡಿನ ಮೇಲೆ ಆಯಿಲ್ ಪೇಂಟು. ಹಸಿರು ಲಂಗ ತೊಟ್ಟ ಆರು ವರ್ಷದ ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಒಂದು ತಗಡಿನ ಕೋಳಿ. ಹಿಂದುಗಡೆ ಗುಬ್ಬಿಯಲ್ಲಿ ಯಾರೂ ಕಾಣದ ಒಂದು ಸರೋವರ, ಎರಡು ಹಂಸ. ಅವನ್ನು ಯಾರೂ ಕೇಳಿರಲಿಲ್ಲ, ರಾಮಾಂಜಿನಯ್ಯನೇ ಮೇಲೆ ಕೊಸರು ಕೊಟ್ಟಿದ್ದು. ಪಟಕ್ಕೆ ವರ್ಷವಿಡೀ ಪ್ಲಾಸ್ಟಿಕ್ ಹಾರ, ಹಬ್ಬಕ್ಕೆ ಸೇವಂತಿಗೆ ಹಾರ. ಹುಡುಗಿ ವನಜಳ ಅಕ್ಕ ಸಿದ್ದಲಕ್ಷ್ಮಿ. ವನಜಳಿಗೆ ನಾಲ್ಕು ತುಂಬಿದಾಗ ಮೆದುಳು ಜ್ವರ ಬಂದು ತೀರಿಹೋದವಳು. ಲಂಗ ಸಿದ್ದಲಕ್ಷ್ಮಿಯದು, ಕೋಳಿ ಸಿದ್ದಲಕ್ಷ್ಮಿಯದು, ಹಾರ ಸಿದ್ದಲಕ್ಷ್ಮಿಯದು. ಮುಖ ಮಾತ್ರ ವನಜಳದು.

ಹೋದಾಗ ಆ ಮಗುವಿನ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಸ್ಕೂಲಿಗೆ ಸೇರಿಸಿದ ಮೇಲೆ ತೆಗೆಸೋಣ ಅಂದಿದ್ದರಂತೆ ಅಪ್ಪ. ರಾಮಾಂಜಿನಯ್ಯನಂಥವನಿಗೆ ಕೆಲಸ ಸಿಗುತ್ತಿದ್ದದ್ದೇ ಇಂಥ ಮನೆಗಳಲ್ಲಿ. ಹೋದ ಮಗುವಿನ ಬೆನ್ನಿಗೆ ಹುಟ್ಟಿದ ತಮ್ಮನನ್ನೋ ತಂಗಿಯನ್ನೋ ಕೂರಿಸಿ, ಹೋದದ್ದರ ಪ್ರೀತಿಯ ಆಟದ ಸಾಮಾನನ್ನು ಕೈಗೆ ಕೊಟ್ಟು ಬರೆಯುತ್ತಿದ್ದ. ಬರೆಯುವ ಮುಂಚೆ ಎರಡೇ ಮಾತು ಕೇಳುತ್ತಿದ್ದ: ಅಚ್ಚು ಯಾರು, ಏನು ಬದಲು. ಅಚ್ಚಿಗೆ ಕೂರುವ ಮಗುವಿಗೆ ಹೋದ ಮಗುವಿನ ವಯಸ್ಸೇ ಆಗಿರಬೇಕು. ಹಾಗಾಗಿ ಅವ್ವ ಎರಡು ವರ್ಷ ಕಾದಳು. ಆ ಎರಡು ವರ್ಷ ವನಜಳನ್ನು ಅವ್ವ ಆಗಾಗ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ಅಕ್ಕನ ಎತ್ತರಕ್ಕೆ ಹಾಕಿದ್ದ ಇದ್ದಿಲು ಗೆರೆಗೆ ತಲೆ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದಳು. ಬೆಳೆದರೆ ಅವ್ವನಿಗೆ ಖುಷಿಯಾಗುತ್ತದೆ ಎಂದು ವನಜ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದಳು. ಎಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ತಲೆ ಗೆರೆಗೆ ಮುಟ್ಟಿತು. ಅವ್ವ ಅವಳನ್ನು ಅಪ್ಪಿಕೊಂಡು ಅತ್ತಳು. ಅದು ತನ್ನನ್ನು ಅಪ್ಪಿಕೊಂಡದ್ದು ಎಂದೇ ವನಜ ಬಹಳ ದಿನ ನಂಬಿದ್ದಳು.

ಹೆಬ್ಬೂರಿನಲ್ಲಿ ಒಬ್ಬ ಹೆಂಗಸು ಕಂಕುಳ ಕೂಸಿನೊಂದಿಗೆ ಹತ್ತಿ ಪಕ್ಕದಲ್ಲಿ ಕೂತಳು. "ಯಾವೂರವ್ವ ನಿಂದು, ಮದ್ವೆ ಆಗೈತಾ?" ಎರಡನ್ನೂ ಒಂದೇ ಉಸಿರಿಗೆ ಕೇಳಿದಳು. ಗುಬ್ಬಿ ಎಂದಷ್ಟೇ ಹೇಳಿ ವನಜ ಕಿಟಕಿ ಕಡೆ ತಿರುಗಿದಳು. ಕಿಟಕಿಯ ಗಾಜಿಗೆ ಅವಳ ಮುಖ ಅರ್ಧ ಬಂದಿತ್ತು, ಅದರೊಳಗಿಂದ ಹುಣಸೆಮರಗಳು, ಪಂಪ್‌ಸೆಟ್ ಮನೆಗಳು ಹಾದು ಹೋಗುತ್ತಿದ್ದವು. ದವಡೆಯ ಕೆಳಗೆ ಅಗಸೆಬೀಜದಷ್ಟು ಒಂದು ಸುಟ್ಟ ಕಲೆ. ತುಮಕೂರಿನ ಸತ್ಯಮಂಗಲದಲ್ಲಿ ರೇಡಿಯೋ ಭಾಗಗಳನ್ನು ಬೆಸೆಯುವ ಸಣ್ಣ ಕಾರ್ಖಾನೆಯಲ್ಲಿ ಅವಳು ಕೆಲಸ ಮಾಡುವುದು. ಹೋದ ವರ್ಷ ಕಾದ ಸೀಸ ಸಿಡಿದು ಅಲ್ಲಿ ಅಂಟಿತ್ತು. ಮುಲಾಮು ಹಚ್ಚಿಕೊಂಡು ಆ ಭಾನುವಾರವೂ ಗುಬ್ಬಿಗೆ ಹೋಗಿದ್ದಳು. ಅವ್ವ ಕೇಳಲಿಲ್ಲ. ಕೇಳಲಿ ಎಂದು ಎರಡು ಸಲ ಆ ಕಡೆಯ ದವಡೆಯನ್ನೇ ದೀಪಕ್ಕೆ ತಿರುಗಿಸಿ ಕೂತಿದ್ದಳು, ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಕೂಸು ಅವಳ ಸೆರಗು ಹಿಡಿದು ಬಾಯಿಗೆ ಹಾಕಿಕೊಂಡಿತು. ಬಿಡಿಸಿಕೊಳ್ಳದೆ ಹಾಗೇ ಬಿಟ್ಟಳು.

ಪಟಕ್ಕೆ ವನಜಳನ್ನು ಮೂರು ಮಧ್ಯಾಹ್ನ ಕೂರಿಸಿದ್ದರು. ರಾಮಾಂಜಿನಯ್ಯ ಏನು ಬದಲು ಎಂದು ಕೇಳಿದ್ದಕ್ಕೆ ಅವ್ವ ಕಂಬಕ್ಕೆ ಒರಗಿ ಒಂದೊಂದಾಗಿ ಹೇಳಿದಳು. ಅವಳು ಇದಕ್ಕಿಂತ ಒಂದು ಸುತ್ತು ಬೆಳ್ಳಗಿದ್ದಳು. ಕೂದಲು ಇಷ್ಟು ತೆಳು ಇರಲಿಲ್ಲ. ಕಿವಿ ಹೀಗೆ ಆಚೆಗೆ ಚಾಚಿರಲಿಲ್ಲ. "ಯಾವಾಗ್ಲೂ ನಗ್ತಿದ್ಲು ಕಣಪ್ಪ. ಇದು ನೋಡು, ಮೋರೆ ಊದಿಸ್ಕೊಂಡೇ ಇರ್ತದೆ." ಚಿತ್ರದವನು ಹಾಗಾದ್ರೆ ನಗವ್ವ ಅಂದ. ಹಲ್ಲು ಕಾಣಿಸಬಾರದು, ತುಟಿ ಮಾತ್ರ. ವನಜ ತುಟಿಯ ಎರಡು ತುದಿಗಳನ್ನು ಎತ್ತಿ ಹಿಡಿದಳು. ಎತ್ತಿ ಹಿಡಿದ ತುಟಿ ನಡುಗತೊಡಗಿದಾಗ ಅವನು ಸಾಕು ಅನ್ನುತ್ತಿದ್ದ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನಗವ್ವ ಅನ್ನುತ್ತಿದ್ದ. ಕೋಳಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಅಕ್ಕ ಹೋದ ಮೇಲೆ ಅದು ಗಾಜಿನ ಬೀರುವಿನಲ್ಲಿತ್ತು. ಅಪ್ಪ ಮಂಡಿಪೇಟೆಯಿಂದ ತಂದದ್ದು, ಕೀ ಕೊಟ್ಟರೆ ಟಕ್ಕು ಟಕ್ಕು ಎಂದು ಕಾಳು ಹೆಕ್ಕುತ್ತಿತ್ತು. ಎರಡನೇ ಮಧ್ಯಾಹ್ನ ಅವ್ವ ಕಾಫಿಗೆಂದು ಒಳಗೆ ಹೋದಾಗ ಚಿತ್ರದವನು ಕುಂಚ ಒರೆಸುತ್ತ, "ಕೀ ಕೊಡು ನೋಡೋಣ, ಎಂಗಾಡ್ತದೆ" ಅಂದ. ಅವಳು ಕೊಟ್ಟಳು. ಕೋಳಿ ಅವಳ ತೊಡೆಯ ಮೇಲೆ ಟಕ್ಕು ಟಕ್ಕು ಎಂದು ಹೆಕ್ಕಿತು. ಒಳಗಿನಿಂದ ಅವ್ವ ಓಡಿ ಬಂದಳು. ಹೊಸಲು ದಾಟುವಾಗ ಅವ್ವನ ಮುಖದಲ್ಲಿ ಇದ್ದ ಬೆಳಕನ್ನು ವನಜ ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಸ್ಟೂಲಿನ ಮೇಲೆ ಕೂತಿರುವುದು ಯಾರು ಎಂದು ಕಂಡ ಮೇಲೆ ಆ ಬೆಳಕು ಹೋಯಿತು. ಅವ್ವ ಏನೂ ಬೈಯಲಿಲ್ಲ, ಕೋಳಿಯ ಕೀಯನ್ನು ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಪಟದ ಕೋಳಿಗೆ ಈಗಲೂ ಕೀ ಇದೆ, ಬೀರುವಿನ ಕೋಳಿಗೆ ಇಲ್ಲ.

ಪಟ ಮುಗಿದ ದಿನಕ್ಕೆ ಒಂದು ಕ್ರಮ ಇತ್ತು. ಅಚ್ಚಿಗೆ ಕೂತ ಮಗುವಿನ ಮುಖವನ್ನು ಹೆತ್ತವಳು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಹೆಸರು ಹಿಡಿದು ಎದ್ದು ಬಾ ಎಂದು ಕರೆಯಬೇಕು. ಆಗ ಮುಖ ಮಗುವಿಗೆ ವಾಪಸು ಬರುತ್ತದೆ, ಇಲ್ಲದಿದ್ದರೆ ಪಟದಲ್ಲೇ ಉಳಿದುಬಿಡುತ್ತದೆ. "ನಿಮ್ಮವ್ವ ಕರೆಯೋಗಂಟ ಏಳಬ್ಯಾಡ ಮತ್ತೆ" ಎಂದು ರಾಮಾಂಜಿನಯ್ಯ ಬುದ್ಧಿ ಹೇಳಿ ಬಣ್ಣದ ಡಬ್ಬಿ ಎತ್ತಿಕೊಂಡು ಹೋದ. ಅವ್ವ ಪಟದ ಮುಂದೆ ಕೂತವಳು ಕೂತೇ ಇದ್ದಳು. ಸಂಜೆಯಾಯಿತು, ಬೀದಿಯಲ್ಲಿ ಎಮ್ಮೆಗಳು ಬಂದವು, ಒಳಗೆ ಕತ್ತಲಾಯಿತು. ವನಜ ಸ್ಟೂಲಿನ ಮೇಲೆ ತುಟಿ ಎತ್ತಿ ಹಿಡಿದೇ ಇದ್ದಳು. ಕೊನೆಗೆ ಹಸಿರು ಲಂಗದಲ್ಲೇ ಉಚ್ಚೆ ಹೊಯ್ದುಕೊಂಡಳು. ಅದು ಅಕ್ಕನ ಲಂಗ. ಬೆನ್ನಿಗೆ ಎರಡು ಏಟು ಬಿದ್ದವು, ಅಪ್ಪ ಬಂದು ಎತ್ತಿಕೊಂಡು ಬಚ್ಚಲಿಗೆ ಹೋದರು. ಕರೆಯುವುದನ್ನು ಎಲ್ಲರೂ ಮರೆತರು. ಇವೆಲ್ಲ ಮೂಢನಂಬಿಕೆ ಎಂದು ಪಿಯುಸಿ ತನಕ ಓದಿದ ವನಜಳಿಗೆ ಗೊತ್ತು. ಗೊತ್ತಿದ್ದೂ ಕನ್ನಡಿ ನೋಡುವಾಗ ಯಾರದೋ ಸಾಮಾನು ಕೇಳದೆ ಮುಟ್ಟಿದಂತಾಗುತ್ತದೆ.

ಆಮೇಲೆ ಪ್ರತಿ ವರ್ಷ ಪಿತೃಪಕ್ಷದಲ್ಲಿ ಎಡೆ ಇಡುವಾಗ ಪಟದ ಮುಂದೆ ಒಂದು ಹೊಸ ಲಂಗ. ಅಳತೆ ಕೊಡಲು ವನಜಳೇ ದರ್ಜಿಯ ಹತ್ತಿರ ನಿಲ್ಲಬೇಕು. "ಇವಳಿಗಿಂತ ಉದ್ದ ಇರ್ತಿದ್ಲು, ನಾಕು ಬೆರಳು ಜಾಸ್ತಿ ಬುಡು" ಎಂದು ಅವ್ವ ಹೇಳುವಳು. ಎಡೆ ಎತ್ತಿದ ಮೇಲೆ ಲಂಗ ವನಜಳಿಗೆ. ಹೈಸ್ಕೂಲು ಮುಗಿಯುವ ತನಕ ಅವಳ ಲಂಗಗಳೆಲ್ಲ ನಾಲ್ಕು ಬೆರಳು ನೆಲ ಗುಡಿಸುತ್ತಿದ್ದವು. ಹುಡುಗಿಯರು ಅವಳಿಗೆ ಪೊರಕೆ ಎಂದು ಹೆಸರಿಟ್ಟಿದ್ದರು. ಮಡಚಿ ಹೊಲಿದುಕೊಂಡಿದ್ದರೆ ಆಗುತ್ತಿತ್ತು. ಹೊಲಿಯಲು ಕೈ ಬರಲಿಲ್ಲ, ಅಕ್ಕನನ್ನು ಕತ್ತರಿಸಿದ ಹಾಗೆ ಅನ್ನಿಸುತ್ತಿತ್ತು.

ಹೋದ ತಿಂಗಳು ಹುಲಿಯೂರುದುರ್ಗದ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಹುಡುಗ ಬೆಟ್ಟಸ್ವಾಮಿ ಹೈಸ್ಕೂಲೊಂದರಲ್ಲಿ ಗುಮಾಸ್ತ, ಕತ್ತು ಬಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದ. ವನಜ ಕಾಫಿ ಲೋಟ ಹಿಡಿದು ಬಂದು ತುಟಿಯ ಎರಡು ತುದಿ ಎತ್ತಿ ನಿಂತಳು. ಬೇರೆ ನಗು ಅವಳಿಗೆ ಬರುವುದಿಲ್ಲ. ಹುಡುಗನ ತಾಯಿ ಅವಳನ್ನು ನೋಡಿದಳು, ಗೋಡೆಯ ಪಟ ನೋಡಿದಳು, ಮತ್ತೆ ಅವಳನ್ನು ನೋಡಿದಳು. "ಇದ್ಯಾರು?" ನಮ್ಮ ದೊಡ್ಡ ಮಗಳು, ಹೋಗ್ಬಿಟ್ಲು ಅಂದಳು ಅವ್ವ. "ಇವ್ಳಂಗೇ ಇದ್ದಾಳಲ್ಲ. ನಗಾನೂ ಇದೇಯ." ಕಾಳಯ್ಯ, ಒಂದೇ ಬಳ್ಳಿ ಕಾಯಿ ಅಲ್ವರಾ ಎಂದು ದೊಡ್ಡದಾಗಿ ನಕ್ಕ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹೆಂಗಸು ಪಟದಲ್ಲಿ ತನ್ನನ್ನು ಕಂಡುಹಿಡಿದಳು ಎಂಬುದು ವನಜಳ ಎದೆಗೆ ನಾಟಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ಅದನ್ನು ಬಾಯಿ ಬಿಟ್ಟು ಹೇಳಿದ್ದರು. ಅವಳು ತಡೆಯಲಾರದೆ, "ಅದು ನಾನೇ. ನಾನೇ ಕೂತಿದ್ದು" ಅಂದುಬಿಟ್ಟಳು. ಲೋಟಗಳು ಅಲ್ಲಲ್ಲೇ ನಿಂತವು. ಬೆಟ್ಟಸ್ವಾಮಿ ತಲೆ ಎತ್ತಿ ಅವಳನ್ನು ನೋಡಿದ, ಮೆಲ್ಲಗೆ, "ಕೋಳೀನೂ ನಿಮ್ದೇನಾ?" ಎಂದು ಕೇಳಿದ. "ಇಲ್ಲ, ಕೋಳಿ ನಂದಲ್ಲ." ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಆಮೇಲೆ ದಲ್ಲಾಳಿಯ ಕೈಲಿ ಹೇಳಿಕಳಿಸಿದರು: ಹುಡುಗ ಒಪ್ಪಿದಾನೆ, ಆದ್ರೆ ಹಾರ ಬಿದ್ದಿರೋ ಮುಖಾನ ಮನೆ ತುಂಬಿಸ್ಕೊಳಾಕೆ ಆಗಲ್ಲ, ಮೊದಲು ಅದನ್ನ ಸರಿ ಮಾಡ್ಸಿ. ಪಟ ಇಳಿಸುವುದಕ್ಕೆ ಅವ್ವ ಒಪ್ಪಲಿಲ್ಲ. ಮುಖ ತಿದ್ದಿಸುವುದಕ್ಕೆ ಒಪ್ಪಿದಳು. ಅಂದಿನಿಂದ ವನಜಳ ಜೊತೆ ಅವ್ವನದು ಉಪ್ಪು, ನೀರು, ಬಸ್ಸಿನ ಹೊತ್ತು, ಇಷ್ಟೇ ಮಾತು.

ಕುಣಿಗಲ್ಲಿನಲ್ಲಿ ಇಳಿದು ಇಬ್ಬರನ್ನು ಕೇಳಿದ ಮೇಲೆ ಮನೆ ಸಿಕ್ಕಿತು. ರಾಮಾಂಜಿನಯ್ಯ ಜಗಲಿಯ ಮೇಲೆ ಕೂತು ಲಾರಿಯ ಹಿಂಬದಿಯ ಹಲಗೆಗೆ ಹಾರುವ ಹದ್ದು ಬರೆಯುತ್ತಿದ್ದ. ಮುದುಕನಾಗಿದ್ದ, ದಪ್ಪ ಕನ್ನಡಕ, ಹದ್ದಿಗೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಉದ್ದ. ಒಳಗೋಡೆಗೆ ಒಂದಷ್ಟು ಪಟಗಳು ಒರಗಿದ್ದವು, ಬರೆಸಿದವರು ಯಾಕೋ ಒಯ್ಯಲು ಬಾರದವು. ಬುಗುರಿ ಹಿಡಿದ ಹುಡುಗ, ಚಿಂದಿ ಬೊಂಬೆಯ ಹುಡುಗಿ, ಸೈಕಲ್ ಟೈರಿಗೆ ಕೈ ಊರಿ ನಿಂತವನು. ಎಲ್ಲರೂ ತುಟಿಯ ತುದಿ ಎತ್ತಿ ನಗುತ್ತಿದ್ದರು. ಒಂದೇ ನಗು. ವನಜ ಬಾಗಿಲಲ್ಲೇ ನಿಂತಳು. ಈ ಮಕ್ಕಳ ಮುಖ ಹೊತ್ತ ತಮ್ಮಂದಿರು ತಂಗಿಯರು ಈಗ ಎಲ್ಲೆಲ್ಲೋ ಬೀಡಿ ಸೇದುತ್ತ, ಮಕ್ಕಳಿಗೆ ಹಾಲು ಕುಡಿಸುತ್ತ ಇರಬಹುದು, ಅವರಿಗೂ ಕನ್ನಡಿಯ ಮುಂದೆ ಹೀಗೇ ಆಗುತ್ತದೆಯೋ ಏನೋ. ಅವರಲ್ಲಿ ಒಬ್ಬರನ್ನಾದರೂ ಕಂಡು ಕೇಳಬೇಕು ಅನ್ನಿಸಿತು.

"ಗುಬ್ಬಿಯಿಂದ ಬಂದಿದೀನಿ. ನಮ್ಮ ಅಕ್ಕಂದು ಒಂದು ಪಟ ಬರೆದಿದ್ರಿ, ಎಪ್ಪತ್ತರಲ್ಲಿ. ನಾನೇ ಕೂತಿದ್ದೆ."

ಅವನು ಕನ್ನಡಕ ಸರಿಮಾಡಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದ. ಗುರುತು ಸಿಗಲಿಲ್ಲ. "ಎಷ್ಟೋ ಮಕ್ಳು ಕೂತಿದ್ವು ಕಣವ್ವ. ಯಾವ ಪಟ?"

"ನಮ್ಮವ್ವ ಚಿಕ್ಕಮಾರಮ್ಮನ ಮನೇದು. ಹಸಿರು ಲಂಗ."

"ಊಹೂಂ."

"ತಗಡಿನ ಕೋಳಿ ಇತ್ತು."

"ಆ ಕೋಳಿಯಾ." ಮುದುಕನ ಮುಖ ಅರಳಿತು. "ಅಯ್ಯೋ, ಅದ ಮರೆಯಾಕಾಯ್ತದಾ. ಆ ಜುಟ್ಟಿನ ಕೆಂಪಿಗೆ ನಾನು ಎಷ್ಟು ಸಲ ಬಣ್ಣ ಕಲಸಿದ್ನೋ. ತಗಡಿನ ಹೊಳಪು ತರೋದು ಅಂದ್ರೆ ಹುಡುಗಾಟ ಅಲ್ಲ. ಹೆಂಗೈತೆ, ಇನ್ನೂ ಹೊಳೀತಾ ಐತಾ?"

ಐತೆ ಅಂದಳು ವನಜ. ಮೂರು ಮಧ್ಯಾಹ್ನ ತನ್ನನ್ನು ಅಷ್ಟು ಹತ್ತಿರದಿಂದ ನೋಡಿದ ಒಬ್ಬ ಮನುಷ್ಯ ಲೋಕದಲ್ಲಿ ಇದ್ದಾನೆ ಎಂಬ ಒಂದು ಭರವಸೆ ಅವಳಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಅದು ಹೋಯಿತು. ಬಂದ ಕೆಲಸ ಹೇಳಿದಳು. ಮುಖ ತಿದ್ದಬೇಕು, ತನ್ನದಾಗಿ ಇರಬಾರದು, ಅಕ್ಕನದೇ ಆಗಬೇಕು. ಗಂಡಿನ ಕಡೆಯವರ ಮಾತನ್ನೂ ಮುಚ್ಚಿಡಲಿಲ್ಲ. ಮುದುಕ ಹದ್ದಿನ ಕಡೆ ನೋಡಿದ, ಅವಳ ಕಡೆ ನೋಡಿದ. "ಕೋಳಿ ಮುಟ್ಟಲ್ಲ ನಾನು" ಅಂದ. "ಮುಖ ಬೇಕಾದ್ರೆ ಮಾಡಾಣ. ನಿಮ್ಮವ್ವ ಕೂತ್ಕೊಂಡು ಹೇಳ್ಬೇಕು, ಮೂಗೆಂಗೆ, ಹುಬ್ಬೆಂಗೆ ಅಂತ. ಅಚ್ಚಿಲ್ದೆ ಬರೆಯೋದು ಅಂದ್ರೆ ಮಾತಿನ ಮೇಲೇ ಬರೀಬೇಕು."

ತುಮಕೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತು, ಬಣ್ಣದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದ. ತಲೆ ಅವಳ ಭುಜಕ್ಕೆ ಬಂತು. ಸೀಮೆಎಣ್ಣೆ, ನಶ್ಯದ ವಾಸನೆ. ಮುಖ ವಾಪಸು ಸಿಕ್ಕರೆ ಏನು ಮಾಡುವುದು ಎಂದು ವನಜ ಯೋಚಿಸಿದಳು. ಬೆಟ್ಟಸ್ವಾಮಿಯ ಮನೆಗೆ ಹೋಗುವುದು. ಅವನು ಒಳ್ಳೆಯವನಿರಬಹುದು, ಅಂಥ ಹೊತ್ತಿನಲ್ಲೂ ಕೋಳಿಯ ವಿಷಯ ಕೇಳಿದವನು. ಅಲ್ಲಿ ಯಾರೂ ಅವಳನ್ನು ಇನ್ನೊಬ್ಬಳ ಪಕ್ಕ ನಿಲ್ಲಿಸಿ ಅಳೆಯುವುದಿಲ್ಲ. ಅವಳಿಗೆ ಅದು ಬೇಕಿತ್ತು, ಹಸಿದವರಿಗೆ ಅನ್ನ ಬೇಕಾದಷ್ಟೇ ಬೇಕಿತ್ತು. ಗುಬ್ಬಿ ಬಸ್ಸು ಹತ್ತುವಾಗ ಮುದುಕನ ಡಬ್ಬಿಯನ್ನು ತಾನೇ ಎತ್ತಿಕೊಂಡಳು.

ಅವ್ವ ಕಾಯುತ್ತಿದ್ದಳು. ಕಾಳಯ್ಯ ದಲ್ಲಾಳಿಯನ್ನು ಕರೆತರಲು ಹೋಗಿದ್ದನಂತೆ, ಸಂಜೆಯೊಳಗೆ ಕೆಲಸ ಮುಗಿದಿರಬೇಕು ಎಂದು ಹೇಳಿ ಹೋಗಿದ್ದ. ಪಟವನ್ನು ಇಳಿಸಿ, ಹಾರ ತೆಗೆದು, ಗಾಜು ಬಿಚ್ಚಿ, ಕಂಬಕ್ಕೆ ಒರಗಿಸಿದ್ದರು. ಗೋಡೆಯ ಮೇಲೆ ಪಟ ಇದ್ದ ಜಾಗ ಬೆಳ್ಳಗೆ ಉಳಿದಿತ್ತು. ಅವ್ವ ತಲೆ ಬಾಚಿಕೊಂಡು ಒಗೆದ ಸೀರೆ ಉಟ್ಟಿದ್ದಳು, ಮಗಳನ್ನು ನೋಡಲು ಹೋಗುವವಳ ಹಾಗೆ. ಮುದುಕ ಮೊದಲು ಕೋಳಿಯನ್ನು ನೋಡಿದ. ಜುಟ್ಟಿನ ಮೇಲೆ ಬೆರಳಾಡಿಸಿ ತೃಪ್ತಿಪಟ್ಟುಕೊಂಡು, ಆಮೇಲೆ ಚಾಪೆಯ ಮೇಲೆ ಕೂತು ಡಬ್ಬಿ ತೆರೆದ.

"ಹೇಳ್ರಮ್ಮ. ಮೂಗಿಂದ ಸುರು ಮಾಡಾಣ. ಮೂಗೆಂಗಿತ್ತು?"

ಅವ್ವ ಬಾಯಿ ತೆರೆದಳು. ಪಟ ನೋಡಿದಳು. "ಮೂಗು... ಇಂಗೇ ಇತ್ತು ಕಣಪ್ಪ."

"ಇದು ಈ ಮಗಳ ಮೂಗಲ್ವರಾ. ಅವ್ಳದು ಹೇಳಿ."

"ಅವ್ಳದೂ ಇಂಗೇ... ಸ್ವಲ್ಪ ಚೂಪು." ಅನುಮಾನಪಟ್ಟಳು. "ಚೂಪಲ್ಲ. ಇರಪ್ಪ, ಒಸಿ ತಾಳು."

"ಹೋಗ್ಲಿ, ಹುಬ್ಬು?"

ಅವ್ವ ಕಣ್ಣು ಮುಚ್ಚಿಕೊಂಡಳು. ಹೊರಗೆ ಯಾರದೋ ರೇಡಿಯೋದಲ್ಲಿ ಕೃಷಿರಂಗ ಬರುತ್ತಿತ್ತು. ಕಣ್ಣು ತೆರೆದು ಮತ್ತೆ ಪಟವನ್ನೇ ನೋಡಿದಳು. ವನಜಳಿಗೆ ಅರ್ಥವಾಯಿತು. ಹದಿನೇಳು ವರ್ಷ ಬೆಳಿಗ್ಗೆ ಸಂಜೆ ಈ ಪಟಕ್ಕೆ ಕೈಮುಗಿದು ಮುಗಿದು ಅವ್ವನ ಕಣ್ಣೊಳಗೆ ಇದ್ದ ಸಿದ್ದಲಕ್ಷ್ಮಿ ಅಳಿಸಿಹೋಗಿದ್ದಳು. ಅಲ್ಲಿ ಈಗ ಇದ್ದದ್ದು ವನಜ, ಒಂದು ಸುತ್ತು ಬೆಳ್ಳಗಿನ ವನಜ. ಅವ್ವನಿಗೂ ಅದು ಅರ್ಥವಾಗುತ್ತಿದೆ ಎಂಬುದು ಅವಳು ಪಟದಿಂದ ಕಣ್ಣು ತೆಗೆದದ್ದರಿಂದ ತಿಳಿಯಿತು. ಮುದುಕ ವನಜಳ ಕಡೆ ತಿರುಗಿ, "ನಿಂಗೇನಾದ್ರೂ ಗ್ಯಾನ ಐತಾ?" ಎಂದು ಕೇಳಿದ. ವನಜಳಿಗೆ ಇದ್ದದ್ದು ಒಂದೇ ನೆನಪು, ಕೋಳಿ ಹಿಡಿದು ಮುಂದೆ ಮುಂದೆ ಓಡುವ ಒಬ್ಬಳ ಬೆನ್ನು, ಎರಡು ಜಡೆ. ನಿಲ್ಲೇ ಅಂದರೂ ತಿರುಗಿ ನೋಡದವಳು. ಇಲ್ಲ ಎಂದು ತಲೆಯಾಡಿಸಿದಳು.

ಅವ್ವ ಎದ್ದು ಬೀರು ತೆಗೆದಳು. ಕೋಳಿಯನ್ನು ತಂದಳು. ಎಲೆಅಡಿಕೆ ಚೀಲದ ತಳದಿಂದ, ಸುಣ್ಣ ಅಂಟಿದ ಕೀ ತೆಗೆದಳು. ಆ ಕೀ ಇಷ್ಟು ವರ್ಷ ಅವಳ ಸೊಂಟದಲ್ಲೇ ಇತ್ತು ಎಂದು ವನಜಳಿಗೆ ಗೊತ್ತಿರಲಿಲ್ಲ. ಕೀ ಕೊಟ್ಟು ಕೋಳಿಯನ್ನು ನೆಲದ ಮೇಲಿಟ್ಟು, ಅವ್ವ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಸ್ಪ್ರಿಂಗು ತುಕ್ಕು ಹಿಡಿದಿತ್ತು. ಟಕ್ಕು ಎಂದು ಒಂದು ಸಲ ಹೆಕ್ಕಿತು, ಇನ್ನೊಂದು ಸಲಕ್ಕೆ ಬಗ್ಗಿ, ಬಗ್ಗಿದ ಹಾಗೇ ನಿಂತಿತು. ಅವ್ವ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದಾಗ ವನಜಳ ಕಡೆ ನೋಡಿದಳು.

"ಬಾ ಇಲ್ಲಿ. ಕೂತ್ಕೊ."

ಅದೇ ಸ್ಟೂಲು. ವನಜ ಕೂತಳು. ಕಾಲು ಈಗ ನೆಲಕ್ಕೆ ಮುಟ್ಟುತ್ತಿತ್ತು. ಅವ್ವ ಕೋಳಿಯನ್ನು ಅವಳ ತೊಡೆಯ ಮೇಲಿಟ್ಟು, ಎರಡು ಕೈಯಲ್ಲಿ ಅವಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. "ಅಲ್ಲಾಡಬ್ಯಾಡ" ಅಂದಳು. ವನಜ ಅಲ್ಲಾಡಲಿಲ್ಲ. ಅವ್ವನ ಬೆರಳುಗಳು ಒರಟಾಗಿದ್ದವು, ಸುಣ್ಣದ ವಾಸನೆ ಇತ್ತು. ಅವ್ವನ ಕಣ್ಣುಗಳು ಅವಳ ಹಣೆಯ ಮೇಲೆ, ಹುಬ್ಬಿನ ಮೇಲೆ, ಮೂಗಿನ ಎರಡೂ ಪಕ್ಕ ನಿಧಾನವಾಗಿ ಹೋದವು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಹುಡುಕುತ್ತಿರುವುದು ತನ್ನನ್ನಲ್ಲ ಎಂದು ವನಜಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಇಷ್ಟು ಹತ್ತಿರದಿಂದ ಅವ್ವ ಅವಳನ್ನು ಎಂದೂ ನೋಡಿರಲಿಲ್ಲ. ಮುದುಕ ಏನೋ ಒಂದು ಮೂಗು ಬರೆದು ಮುಗಿಸಿಬಿಡಬಹುದು. ಗಂಡಿನ ಕಡೆಯವರಿಗೆ ಅಷ್ಟು ಸಾಕು. ಆದರೆ ನಾಳೆ ಅವ್ವ ಪಟದ ಮುಂದೆ ನಿಂತರೆ ಅಲ್ಲಿ ಯಾರೂ ಇರುವುದಿಲ್ಲ, ಸಿದ್ದಲಕ್ಷ್ಮಿಯೂ ಇಲ್ಲ, ಅಚ್ಚೂ ಇಲ್ಲ. ಈ ಮುಖ ಒಂದು ಬಿಟ್ಟರೆ ಆ ಮಗುವಿಗೆ ಈ ಲೋಕದಲ್ಲಿ ಬೇರೆ ಮುಖ ಇರಲಿಲ್ಲ. ಬೆಟ್ಟಸ್ವಾಮಿ ಒಂದು ಸಲ ತಲೆ ಎತ್ತಿ ನೋಡಿದ್ದನ್ನು ವನಜ ನೆನೆದಳು. ಉಗುಳು ನುಂಗಿದರೆ ಗಲ್ಲ ಅಲ್ಲಾಡುತ್ತದೆಂದು ನುಂಗಲಿಲ್ಲ.

"ತಾತ," ತುಟಿ ಮಾತ್ರ ಅಲ್ಲಾಡಿಸಿ ಅಂದಳು, "ಡಬ್ಬಿ ಮುಚ್ಚಿ."

"ಯಾಕವ್ವ? ಗಂಡಿನ ಕಡೇರು..."

"ಮುಚ್ಚಿ."

ಮುದುಕ ಅವ್ವನ ಮುಖ ನೋಡಿದ. ಅವ್ವ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳ ಹೆಬ್ಬೆರಳು ವನಜಳ ದವಡೆಯ ಕೆಳಗೆ ಬಂದು ಒಂದು ಕಡೆ ನಿಂತಿತ್ತು.

"ಇದೇನಿದು?"

"ಸುಟ್ಕೊಂಡಿದ್ದು. ಕಾರ್ಖಾನೇಲಿ."

"ಯಾವಾಗ?"

"ಹೋದ ವರ್ಷ."

"ಯೋಳ್ಲೇ ಇಲ್ವಲ್ಲೇ."

ಅವ್ವ ಚೊಂಬಿನ ನೀರಲ್ಲಿ ಸೆರಗಿನ ತುದಿ ಅದ್ದಿ ಆ ಕಲೆಯನ್ನು ಒರೆಸಿದಳು. ಹೋಗುವ ಕಲೆಯಲ್ಲ ಎಂದು ಗೊತ್ತಿದ್ದೂ ಒರೆಸಿದಳು. ಕಲೆಯ ಸುತ್ತ ಒರೆಸಿದಳು, ಕೆನ್ನೆ ಒರೆಸಿದಳು, ಕಣ್ಣ ಕೆಳಗೆ ಒರೆಸಿದಳು. ಆಮೇಲೆ ಪಟವನ್ನು ಎತ್ತಿ ಗೋಡೆಯ ಬೆಳ್ಳನೆಯ ಜಾಗಕ್ಕೆ ತಾನೇ ನೇತುಹಾಕಿದಳು. ಹಾರ ಮಾತ್ರ ಚಾಪೆಯ ಮೇಲೆ ಬಿದ್ದಿತ್ತು, ಅದರ ಕಡೆ ಒಂದು ಸಲ ನೋಡಿ, ಎತ್ತಿಕೊಳ್ಳದೆ ಒಳಗೆ ಹೋದಳು. ಒಳಗೆ ಪಾತ್ರೆಯ ಸದ್ದಾಯಿತು, ಒಲೆ ಊದಿದ ಸದ್ದಾಯಿತು. ಮುದುಕ ಡಬ್ಬಿಯ ಕೊಂಡಿ ಹಾಕುತ್ತ, ಕಾಳಯ್ಯ ಬಂದರೆ ಏನು ಹೇಳುವುದೋ ಎಂದು ಗೊಣಗುತ್ತಿದ್ದ.

"ವನಜೀ," ಒಳಗಿಂದ ಅವ್ವ ಕರೆದಳು. "ಎದ್ ಬಾ. ತಾತಂಗೂ ತಟ್ಟೆ ಇಡು."

ವನಜ ಏಳಲಿಲ್ಲ. ಒದ್ದೆ ಮುಖದಲ್ಲಿ, ಕೋಳಿಯನ್ನು ತೊಡೆಯ ಮೇಲೆ ಹಿಡಿದುಕೊಂಡು, ಇನ್ನೊಂದು ಸಲ ಕರೆಯಲಿ ಎಂದು ಕೂತೇ ಇದ್ದಳು.